ಬೋಟುಗಳ ಶೌಚಾಲಯ, ನೀರಿನ ಕೊಳವೆಗಳ ಸ್ವಚ್ಛತೆ: ಯಾವ ದ್ರಾವಣ ಸುರಕ್ಷಿತ, ಯಾವುದು ಅಪಾಯಕಾರಿ?

ಮನೆಯ ಶೌಚಾಲಯಕ್ಕೂ ಬೋಟಿನ ಶೌಚಾಲಯಕ್ಕೂ ನೋಟದಲ್ಲಿ ಹೆಚ್ಚಿನ ವ್ಯತ್ಯಾಸ ಕಾಣದು. ಆದರೆ ಕಾರ್ಯವಿಧಾನದಲ್ಲಿ ಇವೆರಡೂ ಸಂಪೂರ್ಣ ಭಿನ್ನವಾದವು. ಮನೆಯಲ್ಲಿ ಸುರಿದ ಆ್ಯಸಿಡ್ ಅಥವಾ ಫಿನಾಯಿಲ್ ಪಿಂಗಾಣಿ ಬೇಸಿನ್ನಿನ ಮೂಲಕ ದಪ್ಪನೆಯ ಪಿವಿಸಿ ಕೊಳವೆಯಲ್ಲಿ ಹರಿದು ಗುಂಡಿಯನ್ನು ಸೇರುತ್ತದೆ. ಬೋಟಿನಲ್ಲಿ ಅದೇ ದ್ರಾವಣ ರಬ್ಬರಿನ ಕವಾಟ, ಪಂಪಿನ ವಾಷರ್, ಹಿತ್ತಾಳೆ ಅಥವಾ ಕಂಚಿನ ತಿರುಪು, ಮೆದು ಹೋಸ್‌ಪೈಪುಗಳನ್ನೆಲ್ಲ ಹಾದು, ಜನರು ಮಲಗುವ ಜಾಗದಿಂದ ಕೆಲವೇ ಅಡಿ ದೂರದಲ್ಲಿರುವ ಮುಚ್ಚಿದ ತೊಟ್ಟಿಯಲ್ಲಿ ದಿನಗಟ್ಟಲೆ ನಿಲ್ಲುತ್ತದೆ. ಅಂತಿಮವಾಗಿ ಅದು ಸೇರುವುದು ಮೀನು ಹಿಡಿಯುವ, ಸ್ನಾನ ಮಾಡುವ, ಪಾತ್ರೆ ತೊಳೆಯುವ ನೀರನ್ನೇ. ಆದಕಾರಣ ಬೋಟಿನಲ್ಲಿ ಬಳಸುವ ಶುಚಿಕಾರಕದ ಆಯ್ಕೆ ಕೇವಲ ಹೊಳಪು ಹಾಗೂ ಪರಿಮಳದ ಪ್ರಶ್ನೆಯಲ್ಲ. ಅದು ಬೋಟಿನಲ್ಲಿರುವವರ ಪ್ರಾಣ, ಯಂತ್ರದ ಬಾಳಿಕೆ ಮತ್ತು ಜಲಮೂಲದ ಆರೋಗ್ಯ ಈ ಮೂರಕ್ಕೂ ಸಂಬಂಧಿಸಿದ ವಿಷಯ.

ಕೇರಳದ ಆಲಪ್ಪುಳದ ಹೌಸ್‌ಬೋಟ್‌ಗಳು, ಉಡುಪಿಯ ಸ್ವರ್ಣಾ ನದಿಯ ಹಿನ್ನೀರಿನ ಪ್ರವಾಸಿ ಬೋಟುಗಳು, ಮಲ್ಪೆ, ಮಂಗಳೂರು, ಕಾರವಾರಗಳಿಂದ ಹೊರಟು ಹತ್ತಾರು ದಿನ ಕಡಲಲ್ಲಿರುವ ಆಳಸಮುದ್ರದ ಮೀನುಗಾರಿಕಾ ಬೋಟುಗಳು, ಹೀಗೆ ಜನರು ರಾತ್ರಿ ಕಳೆಯುವ ಎಲ್ಲ ಬಗೆಯ ಬೋಟುಗಳಿಗೂ ಈ ಮಾಹಿತಿ ಅನ್ವಯಿಸುತ್ತದೆ.

ವ್ಯವಸ್ಥೆಯ ಸ್ವರೂಪ

ಬೋಟಿನ ಶೌಚಾಲಯದಲ್ಲಿ ಸಾಮಾನ್ಯವಾಗಿ ಕೈಪಂಪು ಅಥವಾ ವಿದ್ಯುತ್ ಪಂಪು ಹೊರಗಿನ ನೀರನ್ನು ಸೆಳೆದು ಬೇಸಿನ್ನಿಗೆ ಹರಿಸುತ್ತದೆ. ಮತ್ತೊಂದು ಪಂಪು ಮಲಿನವನ್ನು ಹೊರದಬ್ಬುತ್ತದೆ. ಹೊರಹೋದದ್ದು ಮರಳಿ ಬಾರದಂತೆ ತಡೆಯಲು ಬಾತುಕೋಳಿಯ ಕೊಕ್ಕಿನ ಆಕಾರದ ಒಂದು ಪುಟ್ಟ ರಬ್ಬರ್ ಕವಾಟ ಇರುತ್ತದೆ. ಅಲ್ಲಿಂದ ಮುಂದೆ ಹೋಸ್‌ಪೈಪಿನ ಮೂಲಕ ಮಲಿನವು ಸಂಗ್ರಹ ತೊಟ್ಟಿಯನ್ನು ಸೇರುತ್ತದೆ. ತೊಟ್ಟಿಗೆ ಗಾಳಿಯಾಡಲು ಒಂದು ಸಣ್ಣ ಕೊಳವೆ, ಖಾಲಿ ಮಾಡಲು ಮತ್ತೊಂದು ಬಾಯಿ ಇರುತ್ತವೆ. ಬೋಟಿನ ಒಡಲಲ್ಲಿ ನೀರಿನ ಮಟ್ಟದ ಕೆಳಗೆ ಇರುವ ತಿರುಪು ಕವಾಟವನ್ನು ಕಂಚು, ಹಿತ್ತಾಳೆ ಅಥವಾ ಗಟ್ಟಿ ಪ್ಲಾಸ್ಟಿಕ್ಕಿನಿಂದ ಮಾಡಿರುತ್ತಾರೆ.

ಈ ಸರಪಳಿಯಲ್ಲಿ ಅತ್ಯಂತ ದುರ್ಬಲವಾದ ಕೊಂಡಿ ರಬ್ಬರ್. ಕವಾಟವು ಉಬ್ಬಿದರೆ ಪಂಪು ಬಿಗಿಯಾಗುತ್ತದೆ. ಗಡುಸಾಗಿ ಬಿರಿದರೆ ಮಲಿನವು ಬೇಸಿನ್ನಿಗೆ ಮರಳುತ್ತದೆ. ಲೋಹದ ತಿರುಪು ಸವೆದರೆ ಪರಿಣಾಮ ಇನ್ನೂ ಗಂಭೀರ: ನೀರಿನ ಮಟ್ಟದ ಕೆಳಗಿನ ಕವಾಟವೊಂದು ಮುರಿದರೆ ಬೋಟಿನೊಳಕ್ಕೆ ನೀರು ನುಗ್ಗುತ್ತದೆ.

ದುರ್ವಾಸನೆ, ಕಟ್ಟಿಕೊಳ್ಳುವಿಕೆ: ಕಾರಣಗಳೇನು?

ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳಿರುತ್ತವೆ. ಅದರಲ್ಲಿ ಸುಮಾರು 400 ಮಿಲಿಗ್ರಾಂ ಕ್ಯಾಲ್ಸಿಯಂ, 1,300 ಮಿಲಿಗ್ರಾಂನಷ್ಟು ಮೆಗ್ನೀಸಿಯಂ ಹಾಗೂ 2,700 ಮಿಲಿಗ್ರಾಂನಷ್ಟು ಸಲ್ಫೇಟ್ ಸೇರಿವೆ. ಬೋಟಿನ ಶೌಚಾಲಯದ ಎರಡು ಮುಖ್ಯ ತೊಂದರೆಗಳೂ ಈ ಮೂರು ವಸ್ತುಗಳಿಂದಲೇ ಹುಟ್ಟುತ್ತವೆ.

ಮೊದಲನೆಯದು ಕಲ್ಲಿನಂತಹ ಪದರ. ಮೂತ್ರವು ಸಮುದ್ರದ ನೀರಿನೊಡನೆ ಬೆರೆತಾಗ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು ಹೆಪ್ಪುಗಟ್ಟಿ ಹೋಸ್‌ಪೈಪಿನ ಒಳಮೈಗೆ ಅಂಟಿಕೊಳ್ಳುತ್ತವೆ. ವರ್ಷಗಳು ಉರುಳಿದಂತೆ ಕೊಳವೆಯ ಬಾಯಿ ಕಿರಿದಾಗುತ್ತ ಹೋಗುತ್ತದೆ. ಎರಡನೆಯದು ಕೊಳೆತ ಮೊಟ್ಟೆಯ ವಾಸನೆ. ಗಾಳಿಯಿಲ್ಲದ ತೊಟ್ಟಿ, ಕೊಳವೆಗಳಲ್ಲಿ ಬೆಳೆಯುವ ಬ್ಯಾಕ್ಟೀರಿಯಾಗಳು ಸಲ್ಫೇಟನ್ನು ಹೈಡ್ರೋಜನ್ ಸಲ್ಫೈಡ್ ಅನಿಲವಾಗಿ ಪರಿವರ್ತಿಸುತ್ತವೆ. ಕೆಲವು ದಿನ ಬಳಸದೆ ಬಿಟ್ಟ ಶೌಚಾಲಯದ ಪಂಪನ್ನು ಒತ್ತಿದೊಡನೆ ಬರುವ ಗಬ್ಬುನಾತಕ್ಕೆ ಬಹುಪಾಲು ಕೊಳವೆಯಲ್ಲಿ ನಿಂತ ಉಪ್ಪುನೀರೇ ಕಾರಣವಾಗಿರುತ್ತದೆ.

ಆದ್ದರಿಂದ ಅತ್ಯುತ್ತಮ ಶುಚಿಕಾರಕವೆಂದರೆ ಸಿಹಿನೀರು. ಬೋಟನ್ನು ದಡಕ್ಕೆ ಕಟ್ಟಿ ಹೋಗುವ ಮುನ್ನ ಒಂದೆರಡು ಬಕೆಟ್ ಸಿಹಿನೀರನ್ನು ಬೇಸಿನ್ನಿಗೆ ಸುರಿದು ಪಂಪ್ ಮಾಡಿದರೆ ಮಾರುಕಟ್ಟೆಯ ಯಾವ ಪರಿಮಳದ್ರವ್ಯವೂ ನೀಡಲಾರದ ಫಲ ದೊರೆಯುತ್ತದೆ.

ಅಂಗಡಿಯ ವಸ್ತುಗಳ ಗುಣದೋಷ

ಬಿಳಿ ಫಿನಾಯಿಲ್: ಇದರ ಮುಖ್ಯ ಘಟಕ ಪೈನ್ ಎಣ್ಣೆ. ನೀರಿಗೆ ಬೆರೆಸಿದಾಗ ಹಾಲಿನಂತಾಗುವ ಈ ದ್ರಾವಣ ನೆಲ ಒರೆಸಲು ಯೋಗ್ಯವಾದರೂ ಬೋಟಿನ ಶೌಚಾಲಯದ ಒಳಗೆ ಸುರಿಯಲು ಯೋಗ್ಯವಲ್ಲ. ಪೈನ್ ಎಣ್ಣೆಯು ರಬ್ಬರ್ ಭಾಗಗಳನ್ನು ಉಬ್ಬಿಸಿ ಮೆತ್ತಗಾಗಿಸುತ್ತದೆ.

ಕಪ್ಪು ಫಿನಾಯಿಲ್: ಇದು ಕಲ್ಲಿದ್ದಲ ಟಾರಿನಿಂದ ಪಡೆದ ಫೀನಾಲ್ ವರ್ಗದ ವಸ್ತುಗಳಿಂದ ಕೂಡಿದ್ದು ಮೀನು ಹಾಗೂ ಇತರ ಜಲಚರಗಳಿಗೆ ವಿಷಕಾರಿ. ನೀರಿಗೆ ಸೇರುವ ಯಾವ ವ್ಯವಸ್ಥೆಯಲ್ಲೂ ಇದಕ್ಕೆ ಸ್ಥಾನವಿಲ್ಲ.

ಟಾಯ್ಲೆಟ್ ಕ್ಲೀನರ್ ಮತ್ತು ಆ್ಯಸಿಡ್: ಭಾರತದಲ್ಲಿ ಮಾರಾಟವಾಗುವ ನೀಲಿ ಬಣ್ಣದ ಗಟ್ಟಿ ದ್ರಾವಣಗಳಲ್ಲಿ ಹಲವಕ್ಕೆ ಹೈಡ್ರೋಕ್ಲೋರಿಕ್ ಆಮ್ಲವೇ ಆಧಾರ. ಬಾಟಲಿಯಲ್ಲಿ ಬಿಡಿಯಾಗಿ ಸಿಗುವ 'ಆ್ಯಸಿಡ್' ಇನ್ನೂ ತೀಕ್ಷ್ಣ. ಇವು ಕಲ್ಲಿನ ಪದರವನ್ನು ಕರಗಿಸುತ್ತವೆಂಬುದು ನಿಜ. ಆದರೆ ಹಿತ್ತಾಳೆ, ಕಂಚು, ಸ್ಟೀಲ್ ಭಾಗಗಳನ್ನೂ ಜೊತೆಗೇ ತಿನ್ನುತ್ತವೆ. ಇದಲ್ಲದೆ ಆ್ಯಸಿಡ್‌ನ ಚಿಲ್ಲರೆ ಮಾರಾಟಕ್ಕೆ 2013ರಲ್ಲಿ ಸುಪ್ರೀಂ ಕೋರ್ಟ್ ನಿರ್ಬಂಧ ವಿಧಿಸಿದ್ದು, ಖರೀದಿದಾರರ ಗುರುತು ಮತ್ತು ಉದ್ದೇಶವನ್ನು ದಾಖಲಿಸಿಕೊಳ್ಳಬೇಕೆಂದು ಸೂಚಿಸಿದೆ.

ಬ್ಲೀಚಿಂಗ್ ಪೌಡರ್ ಮತ್ತು ದ್ರವ ಬ್ಲೀಚ್: ರೋಗಾಣುಗಳನ್ನು ಕೊಲ್ಲುವುದರಲ್ಲಿ ಇವುಗಳ ಸಾಮರ್ಥ್ಯ ನಿರ್ವಿವಾದ. ಆದರೆ ಪದೇ ಪದೇ ಬಳಸಿದಾಗ ರಬ್ಬರ್ ಗಡುಸಾಗುತ್ತದೆ, ಸ್ಟೀಲಿನಲ್ಲಿ ಸೂಜಿಮೊನೆಯಂತಹ ತೂತುಗಳು ಬೀಳುತ್ತವೆ. ಜೈವಿಕ ಶೌಚಾಲಯವಿದ್ದಲ್ಲಿ ಅದರ ಬ್ಯಾಕ್ಟೀರಿಯಾ ಸಾಯುತ್ತವೆ. ಇವುಗಳ ಯೋಗ್ಯ ಸ್ಥಾನ ಕುಡಿಯುವ ನೀರಿನ ಟ್ಯಾಂಕಿನ ಶುದ್ಧೀಕರಣವೇ ಹೊರತು ಶೌಚಾಲಯದ ಕೊಳವೆಯಲ್ಲ.

ಕಾಸ್ಟಿಕ್ ಸೋಡಾ: ಕಟ್ಟಿದ ಚರಂಡಿ ಬಿಡಿಸುವ ಪುಡಿಗಳಲ್ಲಿ ಇರುವುದು ಇದೇ. ನೀರು ತಾಗಿದೊಡನೆ ತೀವ್ರ ಶಾಖ ಹೊಮ್ಮುತ್ತದೆ. ಅಲ್ಯುಮಿನಿಯಂ ತೊಟ್ಟಿಯಿದ್ದಲ್ಲಿ ಲೋಹವನ್ನು ಕೊರೆಯುವುದಲ್ಲದೆ ಬೆಂಕಿ ಹತ್ತಬಲ್ಲ ಹೈಡ್ರೋಜನ್ ಅನಿಲ ಬಿಡುಗಡೆಯಾಗುತ್ತದೆ. ಬೋಟಿನಲ್ಲಿ ಇದನ್ನು ಇರಿಸಿಕೊಳ್ಳದಿರುವುದೇ ಲೇಸು.

ಫಾರ್ಮಾಲ್ಡಿಹೈಡ್ ಆಧಾರಿತ ತೊಟ್ಟಿ ದ್ರಾವಣಗಳು: ರಾಸಾಯನಿಕ ಶೌಚಾಲಯಗಳಿಗೆಂದು ಬರುವ ಕೆಲವು ದ್ರಾವಣಗಳಲ್ಲಿ ಫಾರ್ಮಾಲ್ಡಿಹೈಡ್, ಗ್ಲುಟರಾಲ್ಡಿಹೈಡ್, ಬ್ರೊನೊಪಾಲ್ ಇರುತ್ತವೆ. ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಫಾರ್ಮಾಲ್ಡಿಹೈಡನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುವೆಂದು ವರ್ಗೀಕರಿಸಿತು. ಲೇಬಲ್ಲಿನಲ್ಲಿ ಈ ಹೆಸರುಗಳು ಕಂಡರೆ ಬೇರೆ ವಸ್ತುವನ್ನು ಆರಿಸಿಕೊಳ್ಳುವುದು ವಿವೇಕ.

ಬೆರೆಸಿದರೆ ಪ್ರಾಣಾಪಾಯ

ಒಂದು ದ್ರಾವಣದಿಂದ ಕೆಲಸವಾಗಲಿಲ್ಲವೆಂದು ಅದರ ಮೇಲೆಯೇ ಮತ್ತೊಂದನ್ನು ಸುರಿಯುವ ಅಭ್ಯಾಸ ಅನೇಕರಲ್ಲಿದೆ. ಇದು ಎಲ್ಲಕ್ಕಿಂತ ದೊಡ್ಡ ತಪ್ಪು. ಬ್ಲೀಚಿಂಗ್ ಪೌಡರ್ ಇರುವಲ್ಲಿ ಆಮ್ಲಯುಕ್ತ ಟಾಯ್ಲೆಟ್ ಕ್ಲೀನರ್ ಬಿದ್ದರೆ ಕ್ಲೋರಿನ್ ಅನಿಲ ಹೊಮ್ಮುತ್ತದೆ. ವಿನೆಗರ್‌ನಂತಹ ಸೌಮ್ಯ ಆಮ್ಲವೂ ಬ್ಲೀಚಿನೊಡನೆ ಸೇರಿದರೆ ಇದೇ ಪರಿಣಾಮ. ಬ್ಲೀಚ್ ಹಾಗೂ ಅಮೋನಿಯಾ ಸೇರಿದರೆ ಕ್ಲೋರಮಿನ್ ಎಂಬ ವಿಷಾನಿಲ ಉಂಟಾಗುತ್ತದೆ. ಹಳೆಯ ಮೂತ್ರದಲ್ಲಿ ಅಮೋನಿಯಾ ಇರುವುದರಿಂದ ತೊಳೆಯದ ಬೇಸಿನ್ನಿಗೆ ಬ್ಲೀಚ್ ಸುರಿಯುವುದೂ ಸುರಕ್ಷಿತವಲ್ಲ.

ಮನೆಯ ಬಚ್ಚಲಿಗಿಂತಲೂ ಬೋಟಿನ ಶೌಚಾಲಯ ಕಿರಿದು. ಕಿಟಕಿ ಇದ್ದರೂ ಸಣ್ಣದು. ಕ್ಲೋರಿನ್ ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರವಾದ್ದರಿಂದ ಕೆಳಭಾಗದಲ್ಲಿಯೇ ನಿಲ್ಲುತ್ತದೆ. ಕಣ್ಣುರಿ, ಕೆಮ್ಮು, ಎದೆ ಬಿಗಿತ ಕಂಡೊಡನೆ ಎಲ್ಲವನ್ನೂ ಬಿಟ್ಟು ತೆರೆದ ಗಾಳಿಗೆ ಬರಬೇಕು. ಕಣ್ಣಿಗೆ ದ್ರಾವಣ ಹಾರಿದ್ದರೆ ಕನಿಷ್ಠ 15 ನಿಮಿಷ ಸಿಹಿನೀರಿನಿಂದ ತೊಳೆಯಬೇಕು. ಉಸಿರಾಟದ ತೊಂದರೆ ಕೆಲವು ಗಂಟೆಗಳ ಬಳಿಕ ಉಲ್ಬಣಿಸುವ ಸಾಧ್ಯತೆ ಇರುವುದರಿಂದ ಆರಂಭದಲ್ಲಿ ಸುಧಾರಿಸಿದಂತೆ ಕಂಡರೂ ವೈದ್ಯರ ಬಳಿ ಹೋಗಬೇಕು. ಕಡಲಲ್ಲಿದ್ದಾಗ ತುರ್ತು ನೆರವಿಗೆ ಕರಾವಳಿ ಕಾವಲು ಪಡೆಯ ಸಹಾಯವಾಣಿ 1554 ಇದೆ.

ಸುರಕ್ಷಿತ ಆಯ್ಕೆಗಳು

ದಿನನಿತ್ಯದ ಸ್ವಚ್ಛತೆಗೆ ಪರಿಮಳ, ಬಣ್ಣಗಳಿಲ್ಲದ ಸೌಮ್ಯ ಪಾತ್ರೆ ತೊಳೆಯುವ ದ್ರಾವಣದ ಕೆಲವು ಹನಿ ಮತ್ತು ಮೆದುವಾದ ಬ್ರಷ್ ಸಾಕು. ಮರಳು ಬೆರೆತ ಪುಡಿಗಳಿಂದ ಉಜ್ಜಿದರೆ ಬೇಸಿನ್ನಿನ ನುಣುಪು ಹಾಳಾಗಿ ಕೊಳೆ ಮತ್ತಷ್ಟು ಬೇಗ ಹಿಡಿಯುತ್ತದೆ.

ಕಲ್ಲಿನ ಪದರಕ್ಕೆ ವಿನೆಗರ್ ಅಥವಾ ಸಿಟ್ರಿಕ್ ಆಮ್ಲ, ಅಂದರೆ ದಿನಸಿ ಅಂಗಡಿಯ ನಿಂಬೆ ಉಪ್ಪು, ಯೋಗ್ಯವಾದವು. ಅಡುಗೆಯ ವಿನೆಗರ್‌ನಲ್ಲಿ ಶೇ. 4ರಿಂದ 5ರಷ್ಟು ಅಸಿಟಿಕ್ ಆಮ್ಲವಿರುತ್ತದೆ. ವಾರಕ್ಕೊಮ್ಮೆ ಅರ್ಧ ಲೀಟರಿನಷ್ಟು ವಿನೆಗರನ್ನು, ಇಲ್ಲವೇ ಒಂದು ಲೀಟರ್ ನೀರಿಗೆ 50 ಗ್ರಾಂ ನಿಂಬೆ ಉಪ್ಪು ಕರಗಿಸಿದ ದ್ರಾವಣವನ್ನು ಬೇಸಿನ್ನಿಗೆ ಸುರಿದು, ಅದು ಹೋಸ್‌ಪೈಪಿನೊಳಗೆ ನಿಲ್ಲುವಷ್ಟು ಮಾತ್ರ ಪಂಪ್ ಮಾಡಿ, ಒಂದು ಗಂಟೆಯ ಬಳಿಕ ಸಿಹಿನೀರಿನಿಂದ ತೊಳೆದರೆ ಪದರ ಬೆಳೆಯುವುದು ಗಣನೀಯವಾಗಿ ತಗ್ಗುತ್ತದೆ. ಈಗಾಗಲೇ ದಪ್ಪನಾಗಿ ಬೆಳೆದ ಪದರಕ್ಕೆ ಯಾವ ಸೌಮ್ಯ ದ್ರಾವಣವೂ ಸಾಲದು. ಹೋಸ್‌ಪೈಪನ್ನು ಕಳಚಿ ದಡದಲ್ಲಿ ತಟ್ಟಿ ಉದುರಿಸುವುದು, ಇಲ್ಲವೇ ಬದಲಾಯಿಸುವುದು ಉಚಿತ.

ರಬ್ಬರ್ ವಾಷರ್ ಒಣಗಿ ಪಂಪು ಬಿಗಿಯಾದಾಗ ಅಡುಗೆ ಎಣ್ಣೆ ಸುರಿಯುವ ರೂಢಿ ಹಲವೆಡೆ ಇದೆ. ಅದರ ಪರಿಣಾಮ ಅಲ್ಪಕಾಲದ್ದು. ಪಂಪು ಬಿಚ್ಚಿ ಸಿಲಿಕೋನ್ ಗ್ರೀಸ್ ಹಚ್ಚುವುದೇ ಸರಿಯಾದ ಕ್ರಮ. ಡೀಸೆಲ್, ಎಂಜಿನ್ ಆಯಿಲ್, ಪೆಟ್ರೋಲಿಯಂ ಗ್ರೀಸುಗಳನ್ನು ರಬ್ಬರ್ ಭಾಗಗಳಿಗೆ ಹಚ್ಚಬಾರದು.

ತೊಟ್ಟಿಯ ದುರ್ವಾಸನೆಗೆ ಬ್ಯಾಕ್ಟೀರಿಯಾ ಮತ್ತು ಕಿಣ್ವಗಳನ್ನೊಳಗೊಂಡ ಜೈವಿಕ ಪುಡಿ ಅಥವಾ ದ್ರಾವಣಗಳು, ಇಲ್ಲವೇ ನೈಟ್ರೇಟ್ ಆಧಾರಿತ ವಸ್ತುಗಳು ಬಳಕೆಯಲ್ಲಿವೆ. ನೈಟ್ರೇಟ್ ಇರುವಾಗ ಬ್ಯಾಕ್ಟೀರಿಯಾಗಳು ಸಲ್ಫೇಟಿನ ಬದಲು ಅದನ್ನೇ ಉಪಯೋಗಿಸುವುದರಿಂದ ದುರ್ವಾಸನೆಯ ಅನಿಲ ಉಂಟಾಗುವುದು ಕಡಿಮೆಯಾಗುತ್ತದೆ. ಆದರೆ ನೈಟ್ರೇಟ್ ಜಲಕಳೆಗೆ ಪೋಷಕವೂ ಹೌದು. ಆದಕಾರಣ ಅಂತಹ ತೊಟ್ಟಿಯನ್ನು ಹಿನ್ನೀರಿಗೆ ಖಾಲಿ ಮಾಡುವಂತಿಲ್ಲ. ಜೈವಿಕ ವಸ್ತುವನ್ನು ಬಳಸುವವರು ಅದೇ ಬೇಸಿನ್ನಿಗೆ ಫಿನಾಯಿಲ್, ಬ್ಲೀಚ್, ಆ್ಯಸಿಡ್ ಹಾಕಿದರೆ ಹಣ ನೀರಿಗೆ ಸುರಿದಂತೆ. ಭಾರತೀಯ ರೈಲ್ವೆಯ ಬೋಗಿಗಳಲ್ಲಿರುವ ಜೈವಿಕ ಶೌಚಾಲಯಗಳಿಗೂ ಇದೇ ನಿಯಮ ಅನ್ವಯ. ತೊಟ್ಟಿಯ ಗಾಳಿಕೊಳವೆ ಕಟ್ಟಿಕೊಂಡಿಲ್ಲವೆಂದು ಆಗಾಗ ಪರೀಕ್ಷಿಸುವುದು ಯಾವ ದ್ರಾವಣಕ್ಕಿಂತಲೂ ಮುಖ್ಯ. ಗಾಳಿಯಾಡುವ ತೊಟ್ಟಿ ಕಡಿಮೆ ನಾರುತ್ತದೆ.

ಎಷ್ಟು ತೊಳೆದರೂ ವಾಸನೆ ಹೋಗದಿದ್ದರೆ ಹೋಸ್‌ಪೈಪನ್ನೇ ಶಂಕಿಸಬೇಕು. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಕೊಳವೆಯ ಹೊರಮೈಗೆ ಸುತ್ತಿ, ತಣಿದ ಮೇಲೆ ಬಟ್ಟೆಯನ್ನು ಮೂಸಿ ನೋಡಬೇಕು. ಬಟ್ಟೆ ನಾರುತ್ತಿದ್ದರೆ ಕೊಳವೆಯ ಗೋಡೆಯೇ ವಾಸನೆಯನ್ನು ಹೊರಬಿಡುತ್ತಿದೆ ಎಂದರ್ಥ. ಅದಕ್ಕೆ ಬದಲಾವಣೆಯೊಂದೇ ಪರಿಹಾರ.

ಅಡುಗೆ ಕೋಣೆ ಮತ್ತು ಬೋಟಿನ ತಳ

ಅಡುಗೆ ಕೋಣೆಯ ಸಿಂಕ್ ಕಟ್ಟಿಕೊಳ್ಳಲು ಮುಖ್ಯ ಕಾರಣ ಜಿಡ್ಡು. ಮೀನು ಹುರಿದ ಎಣ್ಣೆ, ತೆಂಗಿನೆಣ್ಣೆಗಳನ್ನು ಕಾಗದದಿಂದ ಒರೆಸಿ ತೆಗೆದ ಬಳಿಕವೇ ಪಾತ್ರೆ ತೊಳೆಯಬೇಕು. ಸಮುದ್ರದ ನೀರಿನಲ್ಲಿ ಸಾಬೂನು ನೊರೆ ಕೊಡದೆ ಬಿಳಿ ಗಸಿಯಾಗಿ ಕೊಳವೆಗೆ ಅಂಟುತ್ತದೆ. ಅಲ್ಲಿ ದ್ರವರೂಪದ ಡಿಟರ್ಜೆಂಟ್ ಮೇಲು. ಆದರೆ ಫಾಸ್ಫೇಟ್‌ರಹಿತವಾದುದನ್ನೇ ಆರಿಸಬೇಕು.

ಬೋಟಿನ ತಳದಲ್ಲಿ ಸೇರುವ ಎಣ್ಣೆಮಿಶ್ರಿತ ನೀರಿಗೆ ಡಿಟರ್ಜೆಂಟ್ ಸುರಿದು ಹೊರಗೆ ಪಂಪ್ ಮಾಡುವುದು ಸ್ವಚ್ಛತೆಯಲ್ಲ. ಮೇಲೆ ತೇಲುತ್ತಿದ್ದ ಎಣ್ಣೆ ಸೂಕ್ಷ್ಮ ಹನಿಗಳಾಗಿ ನೀರಿನೊಳಗೆ ಬೆರೆತು ಕಣ್ಣಿಗೆ ಮರೆಯಾಗುತ್ತದೆಯೇ ಹೊರತು ಇಲ್ಲವಾಗುವುದಿಲ್ಲ. ಎಣ್ಣೆ ಹೀರುವ ಬಟ್ಟೆ ಅಥವಾ ಪ್ಯಾಡಿನಿಂದ ತೆಗೆದು ದಡಕ್ಕೆ ತರಬೇಕು.

ಕುಡಿಯುವ ನೀರಿನ ಟ್ಯಾಂಕ್

ವರ್ಷಕ್ಕೆ ಕನಿಷ್ಠ ಒಮ್ಮೆ, ಬೋಟು ಬಹುಕಾಲ ನಿಂತಿದ್ದರೆ ಮತ್ತೆ ಇಳಿಸುವ ಮುನ್ನ, ಟ್ಯಾಂಕನ್ನು ಕ್ಲೋರಿನ್‌ನಿಂದ ಶುದ್ಧಿಗೊಳಿಸಬೇಕು. ಪ್ರತಿ 100 ಲೀಟರ್ ನೀರಿಗೆ ಶೇ. 5ರ ದ್ರವ ಬ್ಲೀಚ್ 100 ಮಿಲಿಲೀಟರ್ ಅಥವಾ ಶೇ. 33ರಷ್ಟು ಕ್ಲೋರಿನ್ ಉಳ್ಳ ಹೊಸ ಬ್ಲೀಚಿಂಗ್ ಪೌಡರ್ 15 ಗ್ರಾಂ ಬೆರೆಸಿದರೆ ಸುಮಾರು 50 ಪಿಪಿಎಂ ಪ್ರಮಾಣ ಸಿಗುತ್ತದೆ. ಪುಡಿಯನ್ನು ಮೊದಲು ಬಕೆಟ್ಟಿನಲ್ಲಿ ಕರಗಿಸಿ, ಗಸಿ ತಳಕ್ಕಿಳಿದ ಮೇಲೆ ತಿಳಿಯನ್ನು ಮಾತ್ರ ಟ್ಯಾಂಕಿಗೆ ಹಾಕಬೇಕು. ಎಲ್ಲ ನಲ್ಲಿಗಳಲ್ಲೂ ಕ್ಲೋರಿನ್ ವಾಸನೆ ಬರುವವರೆಗೆ ನೀರು ಹರಿಸಿ, ನಾಲ್ಕು ಗಂಟೆ ಬಿಟ್ಟು, ಪೂರ್ತಿ ಖಾಲಿ ಮಾಡಿ, ವಾಸನೆ ಹೋಗುವ ತನಕ ಶುದ್ಧ ನೀರಿನಿಂದ ತೊಳೆಯಬೇಕು. ಈ ದ್ರಾವಣವನ್ನು ಕುಡಿಯುವಂತಿಲ್ಲ. ಸ್ಟೀಲ್, ಅಲ್ಯುಮಿನಿಯಂ ಟ್ಯಾಂಕುಗಳಲ್ಲಿ ಇದನ್ನು ರಾತ್ರಿಯಿಡೀ ಬಿಡಬಾರದು. ಆರ್‌ಒ ಯಂತ್ರವಿದ್ದಲ್ಲಿ ಕ್ಲೋರಿನ್ ಅದರ ಪೊರೆಯನ್ನು ಹಾಳುಮಾಡುವುದರಿಂದ ಮೊದಲೇ ಸಂಪರ್ಕ ತಪ್ಪಿಸಬೇಕು. ತೇವ ತಗುಲಿದ ಹಳೆಯ ಬ್ಲೀಚಿಂಗ್ ಪೌಡರಿನಲ್ಲಿ ಶಕ್ತಿ ಉಳಿದಿರುವುದಿಲ್ಲ.

ಲೇಬಲ್ ಓದುವ ಬಗೆ

'ಪರಿಸರಸ್ನೇಹಿ', 'ನೈಸರ್ಗಿಕ' ಎಂಬ ಪದಗಳಷ್ಟರಿಂದಲೇ ಏನೂ ಸಿದ್ಧವಾಗದು. ಪೈನ್ ಎಣ್ಣೆಯೂ ನೈಸರ್ಗಿಕವೇ. 'ಸುಲಭವಾಗಿ ಜೈವಿಕ ವಿಘಟನೆ ಹೊಂದುವ' ಎಂಬ ಮಾತಿಗೆ ಪ್ರಯೋಗಾಲಯದ ಅಳತೆಗೋಲಿದ್ದು, 28 ದಿನಗಳ ಪರೀಕ್ಷೆಯಲ್ಲಿ ವಸ್ತುವಿನ ಬಹುಭಾಗ ವಿಘಟನೆಯಾಗಬೇಕಾಗುತ್ತದೆ. ಆದರೆ ಮುಂದೆ ಕರಗಿಹೋಗುವ ವಸ್ತುವೂ ನೀರಿಗೆ ಬಿದ್ದ ದಿನ ಮೀನಿಗೆ ವಿಷವಾಗಬಹುದು. ರೋಗಾಣುನಾಶಕಗಳಲ್ಲಿರುವ ಬೆಂಜಾಲ್ಕೋನಿಯಂ ಕ್ಲೋರೈಡ್ ಮುಂತಾದವು ಜಲಚರಗಳಿಗೆ ಅಪಾಯಕಾರಿ. ನೋನೈಲ್‌ಫೀನಾಲ್ ಎಥಾಕ್ಸಿಲೇಟ್ ಎಂಬ ನೊರೆಕಾರಕವನ್ನು ಶುಚಿಕಾರಕಗಳಲ್ಲಿ ಬಳಸುವುದನ್ನು ಐರೋಪ್ಯ ಒಕ್ಕೂಟ 2005ರಿಂದ ನಿರ್ಬಂಧಿಸಿದೆ. ಭಾರತದಲ್ಲಿ 1991ರಲ್ಲಿ ಆರಂಭವಾದ ಇಕೋಮಾರ್ಕ್ ಯೋಜನೆಗೆ 2024ರಲ್ಲಿ ಹೊಸ ನಿಯಮಗಳು ಬಂದಿವೆ. ಆ ಗುರುತಿರುವ ಸಾಬೂನು, ಡಿಟರ್ಜೆಂಟ್ ಸಿಕ್ಕರೆ ಆದ್ಯತೆ ನೀಡಬಹುದು. ಘಟಕಗಳನ್ನೇ ನಮೂದಿಸದ, ಬಿಡಿಯಾಗಿ ಮಾರುವ ಬಣ್ಣದ ದ್ರಾವಣಗಳನ್ನು ಕೊಳ್ಳದಿರುವುದು ಒಳಿತು.

ಕಾನೂನು ಮತ್ತು ಜಲಮೂಲ

ಹಡಗುಗಳ ಮಲಿನದ ಬಗೆಗಿನ ಅಂತಾರಾಷ್ಟ್ರೀಯ ಮಾರ್ಪೋಲ್ ಒಪ್ಪಂದದ ನಾಲ್ಕನೇ ಅನುಬಂಧ 2003ರ ಸೆಪ್ಟೆಂಬರ್ 27ರಂದು ಜಾರಿಗೆ ಬಂದಿತು. ಅದರ ಪ್ರಕಾರ ನುರಿದು ರೋಗಾಣುಮುಕ್ತಗೊಳಿಸಿದ ಮಲಿನವನ್ನು ದಡದಿಂದ 3 ನಾಟಿಕಲ್ ಮೈಲಿಗಿಂತ, ಹಾಗೆ ಮಾಡದುದನ್ನು 12 ನಾಟಿಕಲ್ ಮೈಲಿಗಿಂತ ದೂರದಲ್ಲಿ ಮಾತ್ರ ಬಿಡಬಹುದು. ಈ ನಿಯಮ ಅಂತಾರಾಷ್ಟ್ರೀಯ ಯಾನದ, 400 ಟನ್‌ಗೆ ಕಡಿಮೆಯಲ್ಲದ ಅಥವಾ 15ಕ್ಕಿಂತ ಹೆಚ್ಚು ಜನರನ್ನು ಒಯ್ಯಲು ಪರವಾನಗಿಯುಳ್ಳ ಹಡಗುಗಳಿಗೆ ಅನ್ವಯ. ಸಣ್ಣ ಬೋಟುಗಳಿಗೂ ಈ ಅಂತರಗಳು ಉತ್ತಮ ಮಾರ್ಗದರ್ಶಿಯೇ. ಒಳನಾಡಿನ ಬೋಟುಗಳಿಗೆ 1917ರ ಹಳೆಯ ಕಾಯ್ದೆಯ ಸ್ಥಾನದಲ್ಲಿ ಬಂದ ಒಳನಾಡು ಹಡಗುಗಳ ಕಾಯ್ದೆ, 2021 ಮಾಲಿನ್ಯ ತಡೆಯ ವಿಧಿಗಳನ್ನು ಒಳಗೊಂಡಿದೆ.

ಹಿನ್ನೀರಿನ ಸ್ಥಿತಿ ತೆರೆದ ಕಡಲಿನಂತಲ್ಲ. 2002ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ ವೇಂಬನಾಡ್ ಸರೋವರದಲ್ಲಿ, ಉಪ್ಪುನೀರು ಕುಟ್ಟನಾಡಿನ ಗದ್ದೆಗಳಿಗೆ ನುಗ್ಗದಂತೆ ತಣ್ಣೀರ್‌ಮುಕ್ಕಂ ಅಣೆಕಟ್ಟಿನ ಬಾಗಿಲುಗಳನ್ನು ಬೇಸಗೆಯ ತಿಂಗಳುಗಳಲ್ಲಿ ಮುಚ್ಚಲಾಗುತ್ತದೆ. ಆಗ ದಕ್ಷಿಣ ಭಾಗದ ನೀರಿಗೆ ಕಡಲಿನ ಉಬ್ಬರವಿಳಿತದ ಸಂಪರ್ಕ ತಪ್ಪುತ್ತದೆ. ನೀರಿಗೆ ಬಿಟ್ಟ ಮಲಿನ, ಫಾಸ್ಫೇಟ್, ಫಿನಾಯಿಲ್‌ಗಳೆಲ್ಲ ಅಲ್ಲಿಯೇ ಉಳಿಯುತ್ತವೆ. ಕರ್ನಾಟಕ ಕರಾವಳಿಯ ಅಳಿವೆಗಳಲ್ಲಿ ದೊರೆಯುವ ಮರುವಾಯಿ, ಬಳಚುಗಳಂತಹ ಚಿಪ್ಪುಜೀವಿಗಳು ನೀರನ್ನು ಸೋಸಿ ಆಹಾರ ಪಡೆಯುವುದರಿಂದ ನೀರಿನಲ್ಲಿರುವ ರೋಗಾಣುಗಳು ಅವುಗಳ ಒಡಲಲ್ಲಿ ಸಂಗ್ರಹವಾಗುತ್ತವೆ. ಬೋಟಿನಿಂದ ಹೊರಬಿಟ್ಟದ್ದು ಊಟದ ತಟ್ಟೆಗೆ ಮರಳುವ ದಾರಿ ಹೀಗೆ ಬಲು ಹತ್ತಿರದ್ದು.

ತೊಟ್ಟಿಯೊಳಗೆ ಇಳಿಯಬಾರದು

ಹೈಡ್ರೋಜನ್ ಸಲ್ಫೈಡ್ ಕಡಿಮೆ ಪ್ರಮಾಣದಲ್ಲಿದ್ದಾಗ ಮಾತ್ರ ನಾರುತ್ತದೆ. ಸುಮಾರು 100 ಪಿಪಿಎಂ ಮಟ್ಟ ತಲುಪಿದಾಗ ಅದು ಮೂಗಿನ ಗ್ರಹಣಶಕ್ತಿಯನ್ನೇ ಕುಂದಿಸುತ್ತದೆ. ವಾಸನೆ ನಿಂತಿತೆಂದು ಭಾವಿಸಿದ ವ್ಯಕ್ತಿ ವಾಸ್ತವವಾಗಿ ಅಪಾಯದ ನಡುವೆ ಇರುತ್ತಾನೆ. ಇನ್ನೂ ಹೆಚ್ಚಿನ ಪ್ರಮಾಣದಲ್ಲಿ ಕೆಲವೇ ಉಸಿರುಗಳಲ್ಲಿ ಪ್ರಜ್ಞೆ ತಪ್ಪುತ್ತದೆ. ಬಿದ್ದವರನ್ನು ಎತ್ತಲು ಇಳಿದವರೂ ಅಲ್ಲಿಯೇ ಬೀಳುವುದು ಇಂತಹ ದುರಂತಗಳ ಸಾಮಾನ್ಯ ಲಕ್ಷಣ. ಆದ್ದರಿಂದ ಸಂಗ್ರಹ ತೊಟ್ಟಿಗೆ ತಲೆ ಹಾಕುವುದಾಗಲಿ, ಇಳಿಯುವುದಾಗಲಿ ಸಲ್ಲದು. ಕೊಳೆತ ಮೀನಿನ ತ್ಯಾಜ್ಯವಿರುವ ಮುಚ್ಚಿದ ಮೀನಿನ ಉಗ್ರಾಣಕ್ಕೂ ಇದೇ ಎಚ್ಚರಿಕೆ ಬೇಕು. ಮಲದ ಗುಂಡಿಗಳಿಗೆ ಸುರಕ್ಷಾ ಸಾಧನಗಳಿಲ್ಲದೆ ಮನುಷ್ಯರನ್ನು ಇಳಿಸುವುದನ್ನು 2013ರ ಕಾಯ್ದೆ ಅಪರಾಧವೆಂದು ಪರಿಗಣಿಸಿದೆ. ತೊಟ್ಟಿಯನ್ನು ಯಂತ್ರದಿಂದ ಹೀರಿಸಿ, ಹೊರಗಿನಿಂದಲೇ ನೀರು ಹಾಯಿಸಿ ತೊಳೆಯಬೇಕು.

ಮಳೆಗಾಲದ ನಿರ್ವಹಣೆ

ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿದ್ದು, ಬೋಟುಗಳು ದಡದಲ್ಲಿರುವ ಈ 61 ದಿನಗಳು ಕೊಳವೆ ವ್ಯವಸ್ಥೆಯ ತಪಾಸಣೆಗೆ ಪ್ರಶಸ್ತ ಕಾಲ. ತೊಟ್ಟಿ ಖಾಲಿ ಮಾಡಿಸಿ ಸಿಹಿನೀರು ಹಾಯಿಸುವುದು, ನಿಂಬೆ ಉಪ್ಪಿನ ದ್ರಾವಣದಿಂದ ಕೊಳವೆ ತೊಳೆಯುವುದು, ರಬ್ಬರ್ ಕವಾಟ ಹಾಗೂ ವಾಷರುಗಳನ್ನು ಬದಲಿಸುವುದು, ಒಡಲಿನ ತಿರುಪು ಕವಾಟಗಳು ಸರಾಗವಾಗಿ ತಿರುಗುತ್ತವೆಯೇ ಎಂದು ನೋಡುವುದು, ಗಾಳಿಕೊಳವೆಯಲ್ಲಿ ಕಣಜದ ಗೂಡು, ಉಪ್ಪಿನ ಗಂಟುಗಳಿದ್ದರೆ ತೆಗೆಯುವುದು, ಕೊನೆಗೆ ಕುಡಿಯುವ ನೀರಿನ ಟ್ಯಾಂಕನ್ನು ಶುದ್ಧಿಗೊಳಿಸುವುದು, ಈ ಕ್ರಮದಲ್ಲಿ ಕೆಲಸ ಮುಗಿಸಿಕೊಳ್ಳಬಹುದು.

ಒಟ್ಟಿನಲ್ಲಿ ಬೋಟಿನ ಶೌಚಾಲಯಕ್ಕೆ ಬೇಕಾದ ಸಾಮಗ್ರಿ ಅಲ್ಪ: ಸಿಹಿನೀರು, ಸೌಮ್ಯ ಡಿಟರ್ಜೆಂಟ್, ವಿನೆಗರ್ ಅಥವಾ ನಿಂಬೆ ಉಪ್ಪು, ಮೆದುವಾದ ಬ್ರಷ್, ಅಗತ್ಯವಿದ್ದರೆ ಒಂದು ಜೈವಿಕ ಪುಡಿ. ಟ್ಯಾಂಕಿಗೆಂದು ತಂದ ಬ್ಲೀಚಿಂಗ್ ಪೌಡರನ್ನು ಇವುಗಳಿಂದ ದೂರ, ಒಣ ಜಾಗದಲ್ಲಿ, ಹೆಸರು ಬರೆದ ಡಬ್ಬಿಯಲ್ಲಿ ಇಡಬೇಕು. ತಂಪು ಪಾನೀಯದ ಖಾಲಿ ಬಾಟಲಿಗಳಲ್ಲಿ ಯಾವ ದ್ರಾವಣವನ್ನೂ ತುಂಬಿಡಬಾರದು. ಕತ್ತಲಲ್ಲಿ ಬಾಯಾರಿ ಕೈಚಾಚುವವರಿಗೆ ನೀರಾವುದು, ಆ್ಯಸಿಡ್ ಯಾವುದು ಎಂದು ತಿಳಿಯುವುದಿಲ್ಲ.